ಹೆರಿಗೆ ನೋವಿನ ಹೊತ್ತಿಗೆ ಒಂದು ಗುಟುಕು ನೀರು

(ಮಹಿಳಾ ವೇದಿಕೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಆರೋಗ್ಯದ ಬಗ್ಗೆ ಏನಾದರೂ ಮಾತಾಡಿ ಎಂದು ಸಂಚಾಲಕಿಯವರು ಫೋನ್ ಮಾಡಿದಾಗ ಮೊದಲು ಹೊಳೆದದ್ದು ಬಿ.ಪಿ., ಶುಗರ್, ಮಂಡಿನೋವು. ಅವುಗಳ ಬಗ್ಗೆ ನೀವು ಈಗಾಗಲೇ ಬೇಕಾದಷ್ಟು ಕೇಳಿದ್ದೀರಿ. ನಾನು 31 ವರ್ಷ ಪುಣೆಯಲ್ಲಿ ಹೆರಿಗೆ ವಾರ್ಡಿನ ನರ್ಸ್ ಆಗಿದ್ದವಳು. ನನಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಹೇಳುತ್ತೇನೆ ಎಂದೆ. ನೋವು ಶುರುವಾದ ಮೇಲೆ ಹೆಂಗಸು ಏನಾದರೂ ತಿನ್ನಬಹುದೇ, ಕುಡಿಯಬಹುದೇ? ಇದಿಷ್ಟೇ ಇವತ್ತಿನ ವಿಷಯ.

ಇಷ್ಟು ಸಣ್ಣ ಸಂಗತಿಗೆ ಒಂದು ಉಪನ್ಯಾಸವೇ ಎನ್ನಬೇಡಿ. ಇಲ್ಲಿರುವ ಬಹುತೇಕರು ಹೆತ್ತವರು. ಸ್ವಲ್ಪ ನೆನಪು ಮಾಡಿಕೊಳ್ಳಿ. ನೀವು ಎಷ್ಟು ಗಂಟೆ ನೋವು ತಿಂದಿರಿ? ಅಷ್ಟು ಹೊತ್ತು ನಿಮ್ಮ ಬಾಯಿಗೆ ಯಾರಾದರೂ ಒಂದು ಲೋಟ ನೀರು ಹಿಡಿದರೇ?

ನಾನು ಹಿಡಿಯಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಏಪ್ರಿಲ್ ತಿಂಗಳ ಬಿಸಿಲು. ಕಟ್ಟಡ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಬಂದಿದ್ದ ಹುಡುಗಿಯೊಬ್ಬಳು ದಾಖಲಾದಳು. ಚೊಚ್ಚಲ ಹೆರಿಗೆ. ವಾರ್ಡಿನಲ್ಲಿ ಎಲ್ಲರೂ ಮರಾಠಿ ಮಾತಾಡುವವರು, ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ನಾನು ಕನ್ನಡದಲ್ಲಿ ಹೆಸರು ಕೇಳಿದ್ದೇ ತಡ, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಯಕ್ಕಾ, ಒಂದ್ ಗುಟುಕ ನೀರ್ ಕೊಡ್ರಿ, ನಾಲಗಿ ಒಣಗ್ಯಾದ" ಅಂದಳು. ವಾರ್ಡಿನ ನಿಯಮ ಖಡಾಖಂಡಿತವಾಗಿತ್ತು. ನೋವು ಶುರುವಾದವರಿಗೆ ಬಾಯಿಯ ಮೂಲಕ ಏನೂ ಇಲ್ಲ. ಹತ್ತಿಯನ್ನು ನೀರಿನಲ್ಲಿ ಅದ್ದಿ ಅವಳ ತುಟಿ ಒರೆಸಿದೆ. ಅವಳು ಆ ಹತ್ತಿಯನ್ನು ಹಲ್ಲಿನಿಂದ ಕಚ್ಚಿ ಹೀರಲು ನೋಡಿದಳು. ನಾನು ಕಿತ್ತುಕೊಂಡೆ.

ಬೆಳಗಿನ ಜಾವ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮಗು ಗಂಡೋ ಹೆಣ್ಣೋ ಎಂದು ಕೇಳುವ ಮೊದಲು ಆ ಹುಡುಗಿ ನೀರು ಕೇಳಿದಳು. ಅಂದು ನಾನು ತಪ್ಪು ಮಾಡಿದೆ ಎಂದು ನನಗೆ ಅನಿಸಲಿಲ್ಲ. ನಿಯಮ ಪಾಲಿಸಿದೆ ಎಂದುಕೊಂಡು ಡ್ಯೂಟಿ ಮುಗಿಸಿ ಮನೆಗೆ ಹೋದೆ. ಆ ನಿಯಮ ಎಲ್ಲಿಂದ ಬಂತು ಎಂದು ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಅದು ಬಂದದ್ದು ಅಮೆರಿಕದಿಂದ. ಕರ್ಟಿಸ್ ಮೆಂಡೆಲ್ಸನ್ ಎಂಬ ಹೆರಿಗೆ ತಜ್ಞರು ನ್ಯೂಯಾರ್ಕಿನ ಲೈಯಿಂಗ್-ಇನ್ ಆಸ್ಪತ್ರೆಯಲ್ಲಿ 1932ರಿಂದ 1945ರವರೆಗಿನ ದಾಖಲೆಗಳನ್ನು ನೋಡಿ, 1946ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಟ್ಟು 44,016 ಗರ್ಭಿಣಿಯರ ದಾಖಲೆ ಅದು. ಅವರಲ್ಲಿ 66 ಮಂದಿಗೆ ಅರಿವಳಿಕೆ ಕೊಟ್ಟಿದ್ದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿತ್ತು. ಇಬ್ಬರು ಸತ್ತರು. ಆ ಇಬ್ಬರದೂ ಗಟ್ಟಿ ಆಹಾರ ಉಸಿರಿನ ದಾರಿಗೆ ಅಡ್ಡಬಂದು ಆದ ಸಾವು. ಆಹಾರವಷ್ಟೇ ಅಲ್ಲ, ಹೊಟ್ಟೆಯ ಹುಳಿ ನೀರು ಶ್ವಾಸಕೋಶ ಸೇರಿದರೂ ಸುಟ್ಟ ಹಾಗೆ ಹಾನಿಯಾಗುತ್ತದೆ ಎಂದು ಅವರು ಮೊಲಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಆದ್ದರಿಂದ ನೋವು ತಿನ್ನುವವರಿಗೆ ಬಾಯಿಯ ಮೂಲಕ ಆಹಾರ ಕೊಡಬೇಡಿ, ಸಾಧ್ಯವಾದ ಕಡೆ ಪೂರ್ತಿ ಪ್ರಜ್ಞೆ ತಪ್ಪಿಸದೆ ಆ ಜಾಗಕ್ಕಷ್ಟೇ ಮರಗಟ್ಟುವ ಔಷಧಿ ಕೊಡಿ ಎಂದು ಸಲಹೆ ಮಾಡಿದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅಪಾಯ ಇದ್ದದ್ದು ಊಟದಲ್ಲಿ ಅಲ್ಲ, ಪ್ರಜ್ಞೆ ತಪ್ಪಿಸುವ ರೀತಿಯಲ್ಲಿ. ಆಗ ಮುಖಕ್ಕೆ ಮಾಸ್ಕ್ ಹಿಡಿದು ಈಥರ್, ಗ್ಯಾಸ್ ಕೊಡುತ್ತಿದ್ದರು. ನಾವು ಎಚ್ಚರವಿದ್ದಾಗ ಹೊಟ್ಟೆಯಿಂದ ಏನಾದರೂ ಮೇಲೆ ಬಂದರೆ ಕೆಮ್ಮುತ್ತೇವೆ, ವಾಂತಿ ಮಾಡಿ ಉಗುಳುತ್ತೇವೆ. ಪ್ರಜ್ಞೆ ಇಲ್ಲದವರಿಗೆ ಕೆಮ್ಮು ಬರುವುದಿಲ್ಲ. ಅದು ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಬಸುರಿಯಲ್ಲಿ ಈ ಅಪಾಯ ಇನ್ನಷ್ಟು ಹೆಚ್ಚು. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಇರುವ ಬಿಗಿ ಸಡಿಲವಾಗಿರುತ್ತದೆ, ಗರ್ಭಕೋಶ ಕೆಳಗಿನಿಂದ ಒತ್ತುತ್ತಿರುತ್ತದೆ. ಏಳನೆಯ ತಿಂಗಳಿಂದ ಎದೆಯುರಿ ಎಂದು ಒದ್ದಾಡುವುದು ಇದೇ ಕಾರಣಕ್ಕೆ. ಇದರ ಜೊತೆಗೆ ನೋವು ಜೋರಾದ ಮೇಲೆ ತಿಂದದ್ದು ಹೊಟ್ಟೆಯಿಂದ ಕೆಳಗಿಳಿಯುವುದು ನಿಧಾನವಾಗುತ್ತದೆ. ಹಾಗಾಗಿ ಆ ಕಾಲಕ್ಕೆ ಆ ಸಲಹೆ ಸರಿಯಾಗಿಯೇ ಇತ್ತು. ಅದರಿಂದ ಜೀವಗಳು ಉಳಿದಿರಬೇಕು.

ಆದರೆ ಕಾಲ ಅಲ್ಲಿಗೇ ನಿಲ್ಲಲಿಲ್ಲ. ಈಗ ಹೆಚ್ಚಿನ ಸಿಸೇರಿಯನ್‌ಗಳು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಗುತ್ತವೆ. ತಾಯಿ ಎಚ್ಚರವಾಗಿದ್ದು ಮಗುವಿನ ಅಳು ಕೇಳಿಸಿಕೊಳ್ಳುತ್ತಾಳೆ. ಪೂರ್ತಿ ಅರಿವಳಿಕೆ ಕೊಡಲೇಬೇಕಾದ ತುರ್ತಿನಲ್ಲೂ ಶ್ವಾಸನಾಳಕ್ಕೆ ಕೊಳವೆ ಹಾಕಿ ದಾರಿ ಕಾಯುತ್ತಾರೆ, ಹೊಟ್ಟೆಯ ಹುಳಿ ತಗ್ಗಿಸುವ ಔಷಧಿ ಮೊದಲೇ ಕೊಡುತ್ತಾರೆ. ಇನ್ನೊಂದು ಮಾತು. ಎಷ್ಟು ಗಂಟೆ ಉಪವಾಸ ಕೆಡವಿದರೂ ಹೊಟ್ಟೆ ಪೂರ್ತಿ ಬರಿದಾಗುವುದಿಲ್ಲ, ಹುಳಿ ರಸ ಊರುತ್ತಲೇ ಇರುತ್ತದೆ. ಕಾರಣ ಬದಲಾಯಿತು, ನಿಯಮ ಮಾತ್ರ ಗೋಡೆಯ ಮೇಲಿನ ಬೋರ್ಡಿನಲ್ಲಿ ಹಾಗೇ ಉಳಿಯಿತು.

ಹಾಗಾದರೆ ತಿಂದವರಿಗೆ ಏನಾಗುತ್ತದೆ, ತಿನ್ನದವರಿಗೆ ಏನಾಗುತ್ತದೆ? ಇದನ್ನು ಹೋಲಿಸಿ ನೋಡಿದ್ದಾರೆ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಚೊಚ್ಚಲ ಹೆರಿಗೆಯ, ಬೇರೆ ತೊಂದರೆ ಇಲ್ಲದ ಸುಮಾರು 2,400 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬ್ರೆಡ್, ಬಿಸ್ಕತ್ತು, ಹಣ್ಣು, ಮೊಸರು, ಸೂಪಿನಂಥ ಹಗುರ ಆಹಾರ. ಇನ್ನೊಂದು ಗುಂಪಿಗೆ ನೀರು ಮಾತ್ರ. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಹಜ ಹೆರಿಗೆಯ ಪ್ರಮಾಣ ಎರಡೂ ಗುಂಪಿನಲ್ಲಿ ಶೇ. 44. ಸಿಸೇರಿಯನ್ ಎರಡರಲ್ಲೂ ಶೇ. 30. ವಾಂತಿಯೂ ಅಷ್ಟೇ, ತಿಂದವರಲ್ಲೂ ತಿನ್ನದವರಲ್ಲೂ ಮೂವರಲ್ಲಿ ಒಬ್ಬರಿಗೆ. ಆಮೇಲೆ ಇಂಥ ಐದು ಅಧ್ಯಯನಗಳನ್ನು, ಒಟ್ಟು 3,130 ಹೆಂಗಸರನ್ನು, ಕೊಕ್ರೇನ್ ಎಂಬ ಸಂಸ್ಥೆಯ ಸಂಶೋಧಕರು ಒಟ್ಟುಗೂಡಿಸಿ ನೋಡಿದರು. ತೊಂದರೆಯ ಸಂಭವ ಕಡಿಮೆ ಇರುವ ಹೆಂಗಸರಿಗೆ ಅನ್ನ ನೀರು ತಡೆಯಲು ಕಾರಣವೇ ಕಾಣುವುದಿಲ್ಲ ಎಂದರು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ಸಮಯದ ಆರೈಕೆಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲೂ ಇದೇ ಇದೆ. ತೊಂದರೆಯ ಸಂಭವ ಕಡಿಮೆ ಇರುವವರಿಗೆ ನೋವಿನ ಸಮಯದಲ್ಲಿ ಆಹಾರ, ಪಾನೀಯ ಎರಡೂ ಇರಲಿ ಎಂಬುದು ಅದರ ಶಿಫಾರಸು.

ಎಲ್ಲ ಕಡೆಯ ತಜ್ಞರೂ ಒಂದೇ ಮಾತು ಹೇಳುತ್ತಿಲ್ಲ ಎಂಬುದನ್ನೂ ನಿಮಗೆ ತಿಳಿಸಬೇಕು. ಅಮೆರಿಕದ ಪ್ರಸೂತಿ ತಜ್ಞರ ಸಂಘ 2009ರಲ್ಲಿ ನೀರು, ಸೋಸಿದ ಹಣ್ಣಿನ ರಸ, ಹಾಲಿಲ್ಲದ ಚಹಾದಂಥ ತಿಳಿ ಪಾನೀಯಗಳನ್ನು ಮಿತವಾಗಿ ಕುಡಿಯಬಹುದು ಎಂದಿತು, ಗಟ್ಟಿ ಆಹಾರ ಬೇಡ ಎಂದಿತು. ಬ್ರಿಟನ್ನಿನಲ್ಲಿ ಹಗುರ ಊಟಕ್ಕೂ ಒಪ್ಪಿಗೆ ಇದೆ. ಊಟದ ವಿಷಯದಲ್ಲಿ ಭಿನ್ನಾಭಿಪ್ರಾಯ ಉಂಟು. ಆದರೆ ಆರೋಗ್ಯವಂತ ಹೆಂಗಸಿಗೆ ನೋವಿನ ಸಮಯದಲ್ಲಿ ನೀರು ಕೊಡುವ ವಿಷಯದಲ್ಲಿ ಇವರೆಲ್ಲ ಒಪ್ಪಿದ್ದಾರೆ. ನಾನು ಹತ್ತಿ ಕಿತ್ತುಕೊಂಡದ್ದು ನೆನಪಾಗುವುದು ಇಲ್ಲೇ.

ಈಗ ನಮ್ಮ ಅತ್ತೆಯಂದಿರು, ಅಜ್ಜಿಯಂದಿರು ಹೇಳುವ ಮಾತಿಗೆ ಬರೋಣ. ತಿಂದರೆ ಶಕ್ತಿ ಬರುತ್ತದೆ, ಬೇಗ ಹೆರಿಗೆಯಾಗುತ್ತದೆ ಎನ್ನುತ್ತಾರೆ. ಇದರಲ್ಲಿ ಎಷ್ಟು ನಿಜ? ನೋವು ತಿನ್ನುವುದು ದೈಹಿಕ ಶ್ರಮವೇ, ಗರ್ಭಕೋಶವೂ ಒಂದು ಸ್ನಾಯುವೇ, ಅದಕ್ಕೂ ಇಂಧನ ಬೇಕು. ಆದರೆ ಈಗ ಹೇಳಿದ ಅಂಕಿಗಳನ್ನು ನೋಡಿದರೆ ತಿಂದ ಮಾತ್ರಕ್ಕೆ ಸಿಸೇರಿಯನ್ ತಪ್ಪುವುದಿಲ್ಲ. 2017ರಲ್ಲಿ ಹತ್ತು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ತಿನ್ನಲು ಕುಡಿಯಲು ಹೆಚ್ಚು ಬಿಟ್ಟವರಲ್ಲಿ ಹೆರಿಗೆಯ ಅವಧಿ ಸರಾಸರಿ 16 ನಿಮಿಷ ಕಡಿಮೆಯಾಗಿತ್ತು. ಹತ್ತು ಹನ್ನೆರಡು ಗಂಟೆಯ ನೋವಿನಲ್ಲಿ 16 ನಿಮಿಷ ದೊಡ್ಡದೇನಲ್ಲ. ಆದ್ದರಿಂದ ಬೇಗ ಹೆರಿಗೆಯಾಗಲಿ ಎಂದು ಬಲವಂತವಾಗಿ ತುರುಕುವುದೂ ತಪ್ಪು. ಹಸಿದವಳಿಗೆ ಅನ್ನ, ಬಾಯಾರಿದವಳಿಗೆ ನೀರು. ಅವಳಿಗೆ ಬೇಕು ಅನಿಸಿದರೆ ಸಿಗಬೇಕು, ಬೇಡ ಅನಿಸಿದರೆ ಬಿಡಬೇಕು. ನೋವು ಜೋರಾದ ಮೇಲೆ ಹೆಚ್ಚಿನವರಿಗೆ ಊಟದ ಆಸೆಯೇ ಇರುವುದಿಲ್ಲ. ನೀರು ಮಾತ್ರ ಬೇಕೇ ಬೇಕು ಅನಿಸುತ್ತದೆ.

"ಸಲೈನ್ ಹಾಕಿದ್ದಾರಲ್ಲ, ಮತ್ತೇಕೆ ನೀರು?" ಎಂದು ಕೇಳುವವರಿದ್ದಾರೆ. ಸಲೈನ್ ಬೇಕಾದ ಸಂದರ್ಭಗಳಿವೆ, ಆಗ ಅದನ್ನು ಬೇಡ ಎನ್ನಬಾರದು. ಆದರೆ ಅದು ಒಣಗಿದ ಬಾಯಿಯನ್ನು ಒದ್ದೆ ಮಾಡುವುದಿಲ್ಲ. ಕೈಗೆ ಸೂಜಿ ಚುಚ್ಚಿ ಬಾಟಲಿಗೆ ಕಟ್ಟಿಹಾಕಿದರೆ ಎದ್ದು ಓಡಾಡುವುದೂ ಕಷ್ಟ. ಗ್ಲುಕೋಸ್ ಬಾಟಲಿಗಳನ್ನು ಅತಿಯಾಗಿ ಹಾಕಿದರೆ ತಾಯಿಯ ರಕ್ತದಲ್ಲಿ ಸಕ್ಕರೆ ಏರುತ್ತದೆ, ಮಗುವಿನ ದೇಹ ಅದಕ್ಕೆ ತಕ್ಕಂತೆ ಇನ್ಸುಲಿನ್ ಹೆಚ್ಚು ಮಾಡಿಕೊಳ್ಳುತ್ತದೆ. ಹುಟ್ಟಿದ ಕೂಡಲೇ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ಆಗ ಮಗುವಿನ ಸಕ್ಕರೆ ಕುಸಿಯಬಹುದು. "ಒಂದು ಗ್ಲುಕೋಸ್ ಏರಿಸಿಬಿಡಿ ಸಿಸ್ಟರ್, ಶಕ್ತಿ ಬರಲಿ" ಎಂದು ಮನೆಯವರು ನಮ್ಮನ್ನು ಪೀಡಿಸುವುದುಂಟು. ಅದನ್ನು ಡಾಕ್ಟರಿಗೆ ಬಿಡಿ.

ಇನ್ನು ತುಂಬ ಮುಖ್ಯವಾದ ಭಾಗ. ಯಾರು ತಿನ್ನಬಾರದು? ನಾನು ಇವತ್ತು ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು ಹೋಗಿ ಯಾರೂ ಅಪಾಯ ತಂದುಕೊಳ್ಳಬಾರದು.

ಸಿಸೇರಿಯನ್ ದಿನ ಗೊತ್ತುಮಾಡಿದ್ದರೆ ಡಾಕ್ಟರು ಹೇಳಿದಂತೆ ಉಪವಾಸ ಇರಲೇಬೇಕು. ಸಾಮಾನ್ಯವಾಗಿ ಹಗುರ ಊಟಕ್ಕೆ 6 ಗಂಟೆ, ನೀರಿನಂಥ ತಿಳಿ ಪಾನೀಯಕ್ಕೆ 2 ಗಂಟೆ ಅಂತರ ಬೇಕು. ಎಣ್ಣೆ ತಿಂಡಿ, ಭಾರಿ ಊಟಕ್ಕೆ ಇನ್ನೂ ಹೆಚ್ಚು. ನೋವಿನ ನಡುವೆ ಮಗುವಿನ ಎದೆಬಡಿತ ಏರುಪೇರಾಗಿದ್ದರೆ, ರಕ್ತಸ್ರಾವ ಇದ್ದರೆ, ಬಿ.ಪಿ. ತುಂಬ ಏರಿ ನಂಜು ಎಂದಿದ್ದರೆ, ದೇಹದ ತೂಕ ಬಹಳ ಹೆಚ್ಚಿದ್ದರೆ, ಪೆಥಿಡಿನ್‌ನಂಥ ನೋವಿನ ಇಂಜೆಕ್ಷನ್ ಕೊಟ್ಟಿದ್ದರೆ ಆಗಲೂ ಗಟ್ಟಿ ಆಹಾರ ಬೇಡ. ಇವರಲ್ಲಿ ಯಾವ ಹೊತ್ತಿಗಾದರೂ ಆಪರೇಷನ್ ಬೇಕಾಗಬಹುದು, ಅಥವಾ ಹೊಟ್ಟೆ ಬರಿದಾಗುವುದು ಇನ್ನಷ್ಟು ನಿಧಾನವಾಗಿರುತ್ತದೆ. ಇಂಥವರಿಗೆ ಗುಟುಕು ನೀರು ಕೊಡಬಹುದೇ ಎಂಬುದನ್ನು ಅಲ್ಲಿಯ ಡಾಕ್ಟರೇ ಹೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಲೆಕ್ಕ ಬೇರೆ, ಅವರು ಮೊದಲೇ ಕೇಳಿ ಬರೆಸಿಟ್ಟುಕೊಳ್ಳಬೇಕು.

ವಾರ್ಡಿನಲ್ಲಿ ನಾನು ಕಂಡ ಇನ್ನೊಂದು ಅಪಾಯ ಹೇಳಲೇಬೇಕು. ಅದು ಸುಳ್ಳು. ನಾವು ಕಟ್ಟುನಿಟ್ಟು ಮಾಡಿದಷ್ಟೂ ಮನೆಯವರು ಕದ್ದು ತಿನ್ನಿಸುತ್ತಿದ್ದರು. ಸೀರೆಯ ಸೆರಗಿನೊಳಗೆ ಉಂಡೆ, ಫ್ಲಾಸ್ಕಿನಲ್ಲಿ ತುಪ್ಪ ಹಾಕಿದ ಬಿಸಿ ಹಾಲು. ಕೇಳಿದರೆ "ಬೆಳಗಿನಿಂದ ಏನೂ ಮುಟ್ಟಿಲ್ಲ ಸಿಸ್ಟರ್" ಎನ್ನುತ್ತಿದ್ದರು. ಅರ್ಧ ಗಂಟೆಯಲ್ಲಿ ತುರ್ತು ಆಪರೇಷನ್ ಎಂದಾಗ, ಆ ಉಂಡೆಯ ಸುದ್ದಿ ಅರಿವಳಿಕೆ ಡಾಕ್ಟರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅವರು ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ ಮೆಂಡೆಲ್ಸನ್ ಕಂಡ ಅಪಾಯ ಇವತ್ತಿಗೂ ಅಷ್ಟೇ ನಿಜ. ತಿಂದಿದ್ದರೆ ಏನು, ಎಷ್ಟು, ಎಷ್ಟು ಗಂಟೆಗೆ ಎಂದು ನೆಟ್ಟಗೆ ಹೇಳಿಬಿಡಿ. ನರ್ಸ್ ಬೈದರೆ ಬೈಸಿಕೊಳ್ಳಿ. ಅವತ್ತು ಹಾಗೆ ಬೈದ ನರ್ಸುಗಳಲ್ಲಿ ನಾನೂ ಒಬ್ಬಳು. ಕೇಳಿದವರಿಗೆ ನ್ಯಾಯವಾಗಿ ಒಂದು ಲೋಟ ನೀರು, ಎರಡು ಬಿಸ್ಕತ್ತು ಕೊಟ್ಟಿದ್ದರೆ ಸೆರಗಿನೊಳಗೆ ಉಂಡೆ ಬರುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಹಾಗಾದರೆ ಏನು ಕೊಡಬಹುದು? ನಿಮ್ಮ ಮಗಳೋ ಸೊಸೆಯೋ ತೊಂದರೆ ಇಲ್ಲದ ಬಸುರಿ, ಡಾಕ್ಟರೂ ಒಪ್ಪಿದ್ದಾರೆ ಎಂದಿಟ್ಟುಕೊಳ್ಳಿ. ನೋವು ಸಣ್ಣಗೆ ಶುರುವಾಗಿ ಬಿಟ್ಟು ಬಿಟ್ಟು ಬರುತ್ತಿರುವಾಗ, ಇನ್ನೂ ಮನೆಯಲ್ಲೇ ಇರುವಾಗ, ಒಂದೆರಡು ಇಡ್ಲಿ, ಮೆತ್ತಗಿನ ಅನ್ನಕ್ಕೆ ತಿಳಿ ಸಾರು, ಗಂಜಿ, ಬಾಳೆಹಣ್ಣು, ಟೋಸ್ಟ್ ಯಾವುದಾದರೂ ಸ್ವಲ್ಪ ಸ್ವಲ್ಪ. ಬಜ್ಜಿ, ಪೂರಿ, ಹೋಳಿಗೆ, ತುಪ್ಪದ ಉಂಡೆ ಬೇಡ. ಅವು ಹೊಟ್ಟೆಯಲ್ಲಿ ಗಂಟೆಗಟ್ಟಲೆ ಕೂತಿರುತ್ತವೆ. ನೋವು ಜೋರಾದ ಮೇಲೆ ಎಳನೀರು, ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು, ಓ.ಆರ್.ಎಸ್., ಗಂಜಿಯ ತಿಳಿ. ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ ಎರಡೆರಡು ಗುಟುಕು. ಬಾಯಾರಿಕೆ ಇಲ್ಲದಿದ್ದರೂ ಲೀಟರುಗಟ್ಟಲೆ ಬರೀ ನೀರು ಕುಡಿಸಬೇಡಿ, ರಕ್ತದ ಉಪ್ಪಿನಂಶ ತೀರ ಇಳಿದರೂ ಅಪಾಯವೇ. ಆಗಾಗ ಮೂತ್ರಕ್ಕೆ ಹೋಗಿ ಬರಲು ನೆನಪಿಸಿ. ನೋವು ಬರಲಿ ಎಂದು ಹರಳೆಣ್ಣೆ ಕುಡಿಸುವ ಪದ್ಧತಿ ನಮ್ಮ ಕಡೆ ಇತ್ತು. ಡಾಕ್ಟರನ್ನು ಕೇಳದೆ ಅದನ್ನು ಮಾಡಲೇಬೇಡಿ. ವಾಂತಿ ಭೇದಿಯಾಗಿ ಮೈಯ ನೀರೇ ಹೋಗಿಬಿಡುತ್ತದೆ.

ನಮ್ಮ ಊರುಗಳ ಸೂಲಗಿತ್ತಿಯರು ಹೆರುವವಳ ಪಕ್ಕದಲ್ಲಿ ಕೂತು ಗಂಜಿ, ಜೀರಿಗೆ ಕಷಾಯ ಕುಡಿಸುತ್ತಿದ್ದದ್ದನ್ನು ನಾನು ಚಿಕ್ಕವಳಿದ್ದಾಗ ಧಾರವಾಡದ ಕಡೆ ಕಂಡಿದ್ದೇನೆ. ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎನ್ನುವವಳು ನಾನಲ್ಲ. ರಕ್ತ ಹೋಗಿ, ನಂಜಾಗಿ ಮನೆಯಲ್ಲೇ ತೀರಿಕೊಂಡ ತಾಯಂದಿರನ್ನೂ ಆ ಕಾಲ ಕಂಡಿದೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಆದರೆ ಸೂಲಗಿತ್ತಿಯ ಕೈಯಲ್ಲಿದ್ದ ಆ ಲೋಟವೂ ಆಸ್ಪತ್ರೆಗೆ ಬರಲಿ ಎಂಬುದಷ್ಟೇ ನನ್ನ ಆಸೆ.

ಅದಕ್ಕೆ ನೀವು ಮಾಡಬೇಕಾದ ಕೆಲಸ ಸಣ್ಣದು. ಎಂಟನೆಯ ತಿಂಗಳ ತಪಾಸಣೆಗೆ ಹೋದಾಗ ಮೂರು ಪ್ರಶ್ನೆ ಕೇಳಿ. ನೋವು ಶುರುವಾದ ಮೇಲೆ ನೀರು ಕುಡಿಯಬಹುದೇ? ಯಾವ ಹಂತದವರೆಗೆ ಏನು ತಿನ್ನಬಹುದು? ಬೇಡ ಎನ್ನುವುದಾದರೆ ಇವಳ ವಿಷಯದಲ್ಲಿ ಕಾರಣ ಏನು? ನೋವು ತಿನ್ನುತ್ತಾ ಮಲಗಿದವಳು ವಾದ ಮಾಡಲಾರಳು, ಆದ್ದರಿಂದ ಮೊದಲೇ ಕೇಳಬೇಕು. ಕಾರಣ ಇದ್ದು ಬೇಡ ಎಂದರೆ ಮರುಮಾತಿಲ್ಲದೆ ಒಪ್ಪಿ. ನಿಯಮ ಇದೆ, ಅದಕ್ಕೇ ಬೇಡ ಎಂದರೆ ಇನ್ನೊಮ್ಮೆ ವಿನಯದಿಂದ ಕೇಳಿ. ಜೊತೆಗೆ ಒಬ್ಬರು ಇರಲು ಬಿಡುತ್ತಾರೆಯೇ ಎಂದೂ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಸಮಯಕ್ಕೆ ಒಬ್ಬ ಹೆಂಗಸು ಜೊತೆಗಿರಲು ಕೇಂದ್ರ ಸರ್ಕಾರ 2016ರಲ್ಲೇ ಅವಕಾಶ ಕೊಟ್ಟಿದೆ. ಲೋಟ ಹಿಡಿಯಲು ಒಂದು ಕೈ ಬೇಕಲ್ಲ.

ನಿಮ್ಮ ಮನೆಯ ಕೆಲಸದವಳಿಗೆ, ನಿಮ್ಮ ಸೊಸೈಟಿಯ ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ ತಿಳಿಸಿ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವರಿಗೆ ಔಷಧಿಯ ಜೊತೆ ಊಟವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್ ಆದರೆ 7 ದಿನದವರೆಗೆ. ಕೇಳಿ ಪಡೆಯುವ ಧೈರ್ಯ ಅವರಿಗೆ ಬೇಕು. ಮನೆಗೆ ಬಂದ ಮೇಲೆ ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎಂಬ ಮಾತನ್ನೂ ಬಿಟ್ಟುಬಿಡಿ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು.

ಕಳೆದ ವರ್ಷ ನನ್ನ ಮಗಳ ಹೆರಿಗೆಯಾಯಿತು. ಆ ಆಸ್ಪತ್ರೆಯಲ್ಲಿ ಗುಟುಕು ನೀರಿಗೆ, ಎಳನೀರಿಗೆ ಒಪ್ಪಿಗೆ ಇತ್ತು. ರಾತ್ರಿಯಿಡೀ ನಾನು ಅವಳ ಪಕ್ಕದಲ್ಲಿ ಕೂತು ಲೋಟ ಹಿಡಿದಿದ್ದೆ. ಒಂದು ಹೊತ್ತಿನಲ್ಲಿ "ಸಾಕಮ್ಮಾ, ಎಷ್ಟು ಕುಡಿಸ್ತೀಯ" ಎಂದು ಮಗಳು ರೇಗಿದಳು. ಅವಳಿಗೆ ಗೊತ್ತಿರಲಿಲ್ಲ, ಆ ಲೋಟವನ್ನು ನಾನು ಅವಳೊಬ್ಬಳಿಗೆ ಹಿಡಿದಿರಲಿಲ್ಲ. ಯಾದಗಿರಿಯ ಆ ಹುಡುಗಿಗೆ ಈಗ ಮೊಮ್ಮಕ್ಕಳಿರಬಹುದು. ಅವಳ ಸೊಸೆಗೆ, ಮಗಳಿಗೆ ನೋವು ಬಂದಾಗ ಯಾರಾದರೂ ನೀರು ಕೊಟ್ಟಿರಲಿ ಎಂದುಕೊಳ್ಳುತ್ತೇನೆ.

 ಪ್ರಶ್ನೆಗಳಿದ್ದರೆ ಚಹಾ ಕುಡಿಯುತ್ತಾ ಮಾತಾಡೋಣ.